ನೇರಳೆ ಬಟ್ಟೆಯೊಳಗಿನ ಡಿಸ್ಕೋ

ಮಕ್ಕಳನ್ನು ಬೆಳೆಸುವ ಬಗ್ಗೆ ಬುದ್ಧಿ ಹೇಳುವ ಕೆಲಸ ಮಕ್ಕಳಿಲ್ಲದವರ ತಲೆಗೇ ಯಾಕೆ ಬಂದು ಬೀಳುತ್ತದೋ ಕಾಣೆ. ಎಂಬತ್ತರ ದಶಕದಲ್ಲಿ ಡಿಸ್ಕೋ ಬಂತು. ಚಿನ್ನದ ಗಣಿಯ ನಮ್ಮೂರು ಊರಿಗಾಂನಲ್ಲಿ, ಕಾರ್ಮಿಕರ ಲೈನು ಮನೆಗಳಲ್ಲೆಲ್ಲ ಟೇಪ್ ರೆಕಾರ್ಡರ್ ಕಿರುಚತೊಡಗಿತು. ನಮ್ಮ ಚರ್ಚಿನ ಫಾದರ್, ಶಾಲೆಯಲ್ಲಿ ಟೀಚರಾಗಿದ್ದ ನನ್ನನ್ನು ಕರೆದು, “ಹಾಡಿನ ವಿಷಯ ಮಕ್ಕಳ ಹತ್ತಿರ ಹೇಗೆ ಮಾತಾಡ್ಬೇಕು ಅಂತ ತಂದೆತಾಯಿಗಳಿಗೆ ತಿಳಿಹೇಳಮ್ಮ. ಬಿ.ಎ. ಓದಿದ್ದೀಯ, ಮದುವೆಯೂ ಇಲ್ಲ, ಬಿಡುವಾಗಿದ್ದೀಯ” ಎಂದರು. ಅಂದಿನಿಂದ ಇಂಥವು ನನ್ನ ಬೆನ್ನು ಬಿಟ್ಟಿಲ್ಲ.

೧. ಮಾತುಕತೆ

ಮೊದಲ ಸಭೆಯಲ್ಲೇ, “ಹೊಡೀಬೇಡಿ, ಕೂತು ಮಾತಾಡಿ” ಎಂದೆ. ಗಣಿಯ ಮೇಸ್ತ್ರಿಯೊಬ್ಬರು ಎದ್ದರು. ಅವರ ಮಗಳು ಹತ್ತನೇ ಕ್ಲಾಸು. ಆಸ್ಟ್ರೇಲಿಯಾಕ್ಕೆ ಹೊರಟ ಆಂಗ್ಲೋ-ಇಂಡಿಯನ್ ಮನೆಯವರು ಅವಳಿಗೊಂದು ಗಿಟಾರ್ ಕೊಟ್ಟುಹೋಗಿದ್ದರು. ಅದೇ ಅವಳ ಪ್ರಾಣ.

“ಮಾತಾಡಿದೀನಿ ಟೀಚರಮ್ಮ” ಎಂದರು ಮೇಸ್ತ್ರಿ. “ಈಸ್ಟರ್ ಒಳಗೆ ದೇವರ ಹಾಡು ನುಡಿಸದಿದ್ರೆ ಗಿಟಾರ್ ನೀರೊಲೆಗೆ ಅಂದೆ.”

“ಅದಕ್ಕೆ ಅವಳೇನಂದಳು?”

“ಅವಳು ಯಾಕೆ ಅನ್ಬೇಕು? ಮಾತಾಡಿದ್ದು ನಾನು.”

೨. ಅರ್ಥ

“ಸರಿ, ಒಮ್ಮೆ ಅವಳ ಜೊತೆ ಕೂತು ಅವಳು ಹಾಡೋ ಹಾಡು ಕೇಳಿ” ಎಂದೆ. ಅವರ ಮನೆಯಲ್ಲಿ ಅಪ್ಪ ಮಗಳು ನನ್ನೆದುರೇ ಕೂತರು. ಅದೊಂದು ಹಿಂದಿ ಡಿಸ್ಕೋ.

“ಏನಮ್ಮ ಇದರ ಅರ್ಥ?”

“ಗೊತ್ತಿಲ್ಲಪ್ಪ.”

“ಅರ್ಥ ಗೊತ್ತಿಲ್ದೆ ಹಾಡ್ತೀಯಾ? ನಾಚಿಕೆ ಆಗಲ್ವಾ?”

“ನೀವು ಚಿಕ್ಕಂದಿನಲ್ಲಿ ಚರ್ಚ್ ಪೂಜೇಲಿ ಲ್ಯಾಟಿನ್ ಹಾಡ್ತಿದ್ರಲ್ಲ, ಒಂದು ಮಾತಾದ್ರೂ ಅರ್ಥ ಆಗ್ತಿತ್ತಾ?”

ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಕ್ಯಾಲೆಂಡರ್ ನೋಡಿದೆ. ಕೊನೆಗೆ ಅವರೇ, “ನನಗೆ ಅರ್ಥ ಆಗದಿದ್ರೂ ದೇವರಿಗೆ ಆಗ್ತಿತ್ತು. ಈ ಹಾಡೂ ದೇವರಿಗೆ ಅರ್ಥ ಆಗುತ್ತೆ. ಅದೇ ನನ್ನ ಭಯ!” ಎಂದರು.

೩. ಬಟ್ಟೆ

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮಲ್ಲಿ ಹಾಡು, ಕುಣಿತ, ಮಾಂಸ ಎಲ್ಲ ಬಂದ್. ಚರ್ಚಿನ ಪ್ರತಿಮೆಗಳಿಗೂ ನೇರಳೆ ಬಟ್ಟೆ ಹೊದಿಸುತ್ತಾರೆ. ಮೇಸ್ತ್ರಿ ಅದೇ ಶಾಸ್ತ್ರವನ್ನು ಟೇಪ್ ರೆಕಾರ್ಡರಿಗೂ ಮಾಡಿದರು. ಹೆಂಡತಿಯ ಹಳೇ ನೇರಳೆ ಸೀರೆ ಹರಿದು ಹೊದಿಸಿ, ಈಸ್ಟರ್‌ವರೆಗೂ ಬಟ್ಟೆ ತೆಗೆಯುವುದಿಲ್ಲವೆಂದು ಮಗಳಿಂದ ಆಣೆ ಮಾಡಿಸಿದರು.

ಅವರು ಗಣಿಗೆ ಇಳಿದಿದ್ದ ಒಂದು ಮಧ್ಯಾಹ್ನ ನಾನು ಆ ಮನೆಗೆ ಹೋದೆ. ಸೀರೆಯ ಒಳಗಿಂದ ಅದೇ ಡಿಸ್ಕೋ. ಮಗಳು ಬಟ್ಟೆಯ ಮೇಲಿಂದಲೇ ಗುಂಡಿ ಒತ್ತುತ್ತಿದ್ದಾಳೆ. ತಾಯಿ ಬೆಳ್ಳುಳ್ಳಿ ಬಿಡಿಸುತ್ತ ತಾಳಕ್ಕೆ ತಲೆ ತೂಗುತ್ತಿದ್ದಾರೆ.

“ಏನಮ್ಮ ಇದು?” ಎಂದೆ.

“ಬಟ್ಟೆ ತೆಗೆದಿಲ್ಲ ಟೀಚರ್” ಎಂದರು ತಾಯಿ ಹೆಮ್ಮೆಯಿಂದ. “ನಮ್ಮ ಹುಡುಗಿ ಮಾತಿಗೆ ತಪ್ಪೋಳಲ್ಲ.”

೪. ಸ್ವರ್ಗದ ರಾಗ

ಈಸ್ಟರ್ ಪೂಜೆ. ಪ್ರಸಾದ ಕೊಡುವ ಹೊತ್ತಿಗೆ ಹುಡುಗಿ ಗಿಟಾರ್ ಹಿಡಿದು ಹಾಡಿದಳು. ಮಾತೆಲ್ಲ ಯೇಸುವಿನದು. ರಾಗ ಸೀರೆಯೊಳಗಿನದು, ಶವಯಾತ್ರೆಯಷ್ಟು ನಿಧಾನ. ನಾನು ಪ್ರಾರ್ಥನೆ ಪುಸ್ತಕದಲ್ಲಿ ಮುಖ ಮರೆಸಿಕೊಂಡೆ. ಮೇಸ್ತ್ರಿ ಮಾತ್ರ ಇಡೀ ಸಭೆಯ ಮುಂದೆ ಮೊಣಕಾಲೂರಿ ಬಿಕ್ಕಿಬಿಕ್ಕಿ ಅತ್ತರು. “ಎಲ್ಲೋ ಕೇಳಿದ ಹಾಗಿದೆ ಟೀಚರಮ್ಮ. ಹಳೇ ಲ್ಯಾಟಿನ್ ಪೂಜೇದೇ ಇರ್ಬೇಕು” ಎಂದರು. ಫಾದರ್ ಕೂಡ ಹೌದೆಂದು ತಲೆಯಾಡಿಸಿದರು. ಗಿಟಾರ್ ನೀರೊಲೆಯಿಂದ ಪಾರಾಯಿತು.

ಅದೇ ವಾರ ಚರ್ಚಿನ ಕೆಲಸವೊಂದನ್ನು ಮುಗಿಸಿ ಬಂಗಾರಪೇಟೆ ಸ್ಟೇಷನ್ ಮುಂದೆ ನಾನೂ ಮೇಸ್ತ್ರಿಯೂ ಊರಿಗೆ ವಾಪಸು ಹೊರಡಲು ನಿಂತಿದ್ದೆವು. ಮದುವೆ ಮೆರವಣಿಗೆ ಬಂತು. ಬ್ಯಾಂಡಿನವರು ಅದೇ ರಾಗ ಊದುತ್ತಿದ್ದಾರೆ. ಮೇಸ್ತ್ರಿ ಥಟ್ಟನೆ ಶಿಲುಬೆಯ ಗುರುತು ಹಾಕಿಕೊಂಡವರೇ ನುಗ್ಗಿ ಕ್ಲಾರಿನೆಟ್ಟಿನವನ ಕೈ ಹಿಡಿದರು. “ನಿಲ್ಸಯ್ಯಾ! ಇದು ನಮ್ಮ ದೇವರ ಹಾಡು!”

ಅವನು ಬಾಯಿಂದ ವಾದ್ಯ ತೆಗೆದು, “ದ್ಯಾವ್ರದಾ? ಡಿಸ್ಕೋ ಕಣಣ್ಣಾ, ಇಂದಿ ಪಿಚ್ಚರ್ದು. ಬುಡು ಕೈಯ್ಯ, ಗಂಡು ಮುಂದಕ್ಕೋಯ್ತಾವ್ನೆ” ಎಂದ.

ಮೇಸ್ತ್ರಿ ಅವನ ಕೈ ಬಿಟ್ಟು ನೇರ ಸ್ಟೇಷನ್ನಿನೊಳಗೆ ನಡೆದರು. ನಾನು ಮನಸ್ಸಿನಲ್ಲೇ ಗಿಟಾರಿನ ಆತ್ಮಕ್ಕೆ ಶಾಂತಿ ಕೋರಿದೆ. ರೈಲು ಹತ್ತಿ ಕೂತ ಮೇಲೆ ಅವರು ಮೆಲ್ಲಗೆ ನನ್ನ ಕಡೆ ಬಾಗಿದರು.

“ಟೀಚರಮ್ಮ, ಬರೋ ಭಾನುವಾರಾನೂ ಅವಳು ಅದನ್ನೇ ಹಾಡ್ಲಿ ಅಂತ ಹೇಳಿ.”

“ಅದನ್ನೇನಾ?”

“ಮತ್ತೆ? ನಾನು ಅತ್ತಿದ್ದನ್ನ ಊರೆಲ್ಲ ನೋಡಿದೆ. ಈಗ ನಿಲ್ಲಿಸಿದ್ರೆ ಜನಕ್ಕೆ ಅನುಮಾನ ಬರುತ್ತೆ.”