ಗಡಿಯಾಚೆಯ ತಮಟೆಗೆ ಅನುಮತಿ ಕೋರಿ

ಜಂಟಿ ಪ್ರವಾಹ ಮುನ್ನೆಚ್ಚರಿಕಾ ಅಧಿಕಾರಿಗಳ ಸನ್ನಿಧಿಗೆ,
ಹಿಂದೂಪುರ.
ನವೆಂಬರ್ ೧೯೮೮

ಮಾನ್ಯರೇ,

ಹಾಲೆಂಡಿನಿಂದ ಜಪಾನಿನವರೆಗೆ ನಾಲ್ಕು ದೇಶ ಸುತ್ತಿ, ಅಲ್ಲಿನ ಪ್ರವಾಹ ಕಾಯ್ದೆಗಳನ್ನೆಲ್ಲ ಓದಿಕೊಂಡು ಬಂದು, ವರ್ಷದ ಹತ್ತು ತಿಂಗಳು ಬರೀ ಮರಳಾಗಿ ಬಿದ್ದಿರುವ ನಮ್ಮ ಹಳ್ಳಕ್ಕೆ ಅವನ್ನು ಒಂದೇ ಉಸಿರಿಗೆ ಜಾರಿ ಮಾಡಿದ ತಮಗೆ, ನೇಕಾರರ ಬೀದಿಯ ಕೇಶವಯ್ಯ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕಲ್ಯಾಣದುರ್ಗದಲ್ಲಿ ಪ್ರವಾಹದ ಬಗ್ಗೆ ಉಪನ್ಯಾಸ ಕೊಟ್ಟಾಗ, ಎರಡು ವರ್ಷದಿಂದ ನೆಟ್ಟಗೆ ಮಳೆ ಕಾಣದ ಕುಂದುರ್ಪಿಯವರು ಮುಂದಿನ ಸಾಲಿನಲ್ಲೇ ಕೂತು, ಅದು ತಮ್ಮೂರಿಗೆ ಯಾವ ವಾರ ಬರುತ್ತದೆಂದು ಆಸೆಯಿಂದ ಕೇಳಿದರಂತೆ. ಅಷ್ಟು ಚೆನ್ನಾಗಿ ವಿವರಿಸಿದ್ದೀರಿ.

ನಮ್ಮೂರಿನ ಮೇಲ್ಗಡೆಯ ಕೆರೆ ಕರ್ನಾಟಕದಲ್ಲಿದೆ, ಕೋಡಿ ಹರಿದರೆ ನೀರು ಹಳ್ಳದಗುಂಟ ನುಗ್ಗುವುದು ಆಂಧ್ರದಲ್ಲಿರುವ ನಮ್ಮ ಬೀದಿಗೆ. ಮೂವತ್ತು ವರ್ಷದಿಂದ ಆ ಕೆರೆಯ ನೀರುಗಂಟಿ ಓಬಳಪ್ಪ, ಕೋಡಿ ಹರಿಯುವ ಮೊದಲೇ ಏರಿಯ ಮೇಲೆ ನಿಂತು ತಮಟೆ ಬಡಿಯುತ್ತಿದ್ದ; ನಾವು ಮಗ್ಗದ ನೂಲು ಬಿಚ್ಚಿ ಅಟ್ಟಕ್ಕೆ ಸೇರಿಸಿ, ವಯಸ್ಸಾದವರನ್ನು ದಿಬ್ಬದ ಮೇಲಿನ ಶಾಲೆಗೆ ಸಾಗಿಸಿ, ನೀರು ಬಂದು ಹೋಗುವುದನ್ನು ಅಲ್ಲಿಂದಲೇ ನೋಡುತ್ತಿದ್ದೆವು. ಇದಕ್ಕೊಂದು ಕಾಯ್ದೆ ಬೇಕೆಂದು ನಮಗೆ ಹೊಳೆಯದೇ ಹೋದದ್ದು ನಮ್ಮ ದಡ್ಡತನ.

ಆ ಕೊರತೆಯನ್ನು ತಾವು ನೀಗಿಸಿದಿರಿ. ತಮ್ಮ ನಿಯಮದಂತೆ ಗಡಿ ದಾಟುವ ಎಚ್ಚರಿಕೆಯನ್ನು ಅಧಿಕಾರವುಳ್ಳವರು ಮಾತ್ರ, ಲಿಖಿತವಾಗಿ, ಪಡೆಯುವ ರಾಜ್ಯದ ಭಾಷೆಯಲ್ಲೇ ಕೊಡಬೇಕು. ತಮಟೆಯ ಸದ್ದು ಅನುಮತಿಯಿಲ್ಲದೆ ಗಡಿ ದಾಟುತ್ತಿದೆಯೆಂದು ಓಬಳಪ್ಪನಿಗೆ ನೋಟಿಸು ಕೊಟ್ಟು, ತಮಟೆಯನ್ನು ತಮ್ಮ ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ.

ಹೋದ ತಿಂಗಳು ಹದಿನಾಲ್ಕರ ಮಧ್ಯಾಹ್ನ ನಾನು ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದೆ. ಪ್ರವಾಹದ ಎಚ್ಚರಿಕೆ ನನ್ನನ್ನು ತಲುಪಿದ್ದು ಹೆಬ್ಬೆರಳಿನ ಮೂಲಕ. ತಣ್ಣಗಾಯಿತಲ್ಲ ಎಂದು ಬಗ್ಗಿ ನೋಡುವಷ್ಟರಲ್ಲಿ ಗುಂಡಿ ತುಂಬಿ, ನೀರು ಹೊಸ್ತಿಲು ದಾಟಿತ್ತು. ನಡೆಯಲಾರದ ನನ್ನ ತಾಯಿ ಸರಸ್ವತಮ್ಮನವರನ್ನು ಬೆನ್ನಿಗೆ ಹೊತ್ತು, ಸೊಂಟದ ಮಟ್ಟದ ನೀರಿನಲ್ಲಿ ಶಾಲೆಯ ಕಡೆ ಹೊರಟೆ. ದಾರಿಯುದ್ದಕ್ಕೂ ಅವರು ನನ್ನ ಕಿವಿಯಲ್ಲಿ ಕೇಳುತ್ತಿದ್ದದ್ದು ಒಂದೇ: “ಓಬಳಪ್ಪ ಯಾಕ್ಲಾ ಬಡೀಲಿಲ್ಲ? ಸತ್ತೋದ್ನಾ?” ಎರಡು ಸಲ ಕಾಲು ಜಾರಿತು. ಆ ಭಯ ಇನ್ನೂ ಹೋಗಿಲ್ಲ ಸ್ವಾಮಿ.

ಮರುದಿನ ಓಬಳಪ್ಪ ಬಂದು ತಾಯಿಯ ಕಾಲು ಹಿಡಿದುಕೊಂಡು ಅತ್ತ. “ಕೂಗಿ ಕೂಗಿ ಗಂಟ್ಲು ಕಟ್ಕಂಡ್ತು ಕಣಮ್ಮ, ಗಾಳಿ ಎದುರ್ಗಿತ್ತು. ಓಡ್ಕಂಡ್ ಬಂದೆ, ನೀರೇ ಮೊದ್ಲು ಬಂದ್ಬುಡ್ತು” ಎಂದ.

ತಮ್ಮ ಲಿಖಿತ ಎಚ್ಚರಿಕೆ ಹನ್ನೆರಡನೆಯ ದಿನ ಬಂತು. ಕೆರೆಯ ಊರಿನವರು ಕನ್ನಡದಲ್ಲಿ ಬರೆದದ್ದನ್ನು ತಾವು ಶ್ರಮವಹಿಸಿ ತೆಲುಗಿಗೆ ಮಾಡಿಸಿ, ಮನೆಯಲ್ಲಿ ಕನ್ನಡವಾಡುವ ನಮ್ಮ ಬೀದಿಗೆ ಕಳುಹಿಸಿದ್ದೀರಿ. ‘ತಕ್ಷಣ’ ಎಂಬ ಮಾತಿನ ಕೆಳಗೆ ಗೆರೆಯನ್ನೂ ಎಳೆಸಿದ್ದೀರಿ. ತೆಲುಗು ಬಹಳ ಸೊಗಸಾಗಿದೆ.

ಕಾಯ್ದೆಯನ್ನು ಕೈಬಿಡಿ ಎನ್ನುವ ಉದ್ಧಟತನ ನಮಗಿಲ್ಲ. ಕೊಡಿಕೊಂಡದ ಚೆಕ್‌ಪೋಸ್ಟಿನಲ್ಲಿ ಲಾರಿಗಳನ್ನು ತಡೆಯುವಂತೆ ಹಳ್ಳಕ್ಕೂ ಗಡಿಯಲ್ಲೊಂದು ಅಡ್ಡಗಂಬ ಹಾಕಿಸಿ, ತಮ್ಮ ಕಾಗದ ನಮ್ಮ ಕೈಸೇರುವ ತನಕ ನೀರನ್ನು ಹನ್ನೆರಡು ದಿನ ಸಾಲಾಗಿ ನಿಲ್ಲಿಸಿದರೆ ಸಾಕು. ಇದು ನಾಲ್ಕೂ ದೇಶಗಳಲ್ಲಿ ಎಲ್ಲೂ ಆಗಿಲ್ಲವೆಂದಾದರೆ, ದಯಮಾಡಿ ಬೀರುವಿನ ಬೀಗ ತೆಗೆದು ಓಬಳಪ್ಪನ ತಮಟೆಯನ್ನು ಅವನಿಗೆ ಕೊಡಿಸಿ. ಮಗ್ಗವನ್ನು ಹೇಗೋ ಮತ್ತೆ ಹೂಡುತ್ತೇನೆ. ತಾಯಿ ನನಗಿರುವುದು ಒಬ್ಬರೇ.

ಕಾಯ್ದೆಯ ಕೃಪೆಯಿಂದ ಇನ್ನೂ ಒಣಗುತ್ತಿರುವ,
ತಮ್ಮ ವಿಶ್ವಾಸಿ,
ಕೇಶವಯ್ಯ

ತಾ.ಕ.: ತಮ್ಮ ಕಚೇರಿ ಈ ತಿಂಗಳು ನಮ್ಮ ಹಳ್ಳದ ದಂಡೆಯ ಹೊಸ ಕಟ್ಟಡಕ್ಕೆ ಬಂದಿದೆಯೆಂದು ತಿಳಿದು ಸಂತೋಷವಾಯಿತು. ಈ ಸುದ್ದಿ ಕೇಳಿ ಓಬಳಪ್ಪ, “ಪಾಪ, ಮುಂದ್ಲ ಸಲ ನೀರ್ ಬಂದಾಗ ಅವ್ರಿಗೂ ಓಡೋಗಿ ಯೋಳಿ ಬತ್ತೀನಿ ಕಣಪ್ಪ” ಎಂದ. ನೋಟಿಸನ್ನು ನೆನಪಿಸಿ ನಾನೇ ತಡೆದಿದ್ದೇನೆ.