ಹಸಿರು ಮನೆಗೊಂದು ಸಹಿ

ಇನ್ನು ಮೇಲೆ ಯಾವುದಕ್ಕೂ ಬೆಚ್ಚಿಬೀಳುವುದಿಲ್ಲ ಎಂದು ನಾನು ಪ್ರತಿ ಸೋಮವಾರ ಬೆಳಿಗ್ಗೆ ನಿರ್ಧರಿಸುತ್ತೇನೆ. ಮಂಗಳವಾರ ಸಂಜೆಯೊಳಗೆ ಯಾರಾದರೊಬ್ಬರು ಆ ನಿರ್ಧಾರವನ್ನು ಮಣ್ಣುಪಾಲು ಮಾಡಿರುತ್ತಾರೆ.

ನಾನು ಉಡುಪಿಯಲ್ಲಿ ಸಣ್ಣದೊಂದು ಕಚೇರಿ ಇಟ್ಟುಕೊಂಡಿರುವ ಸಿವಿಲ್ ಇಂಜಿನಿಯರ್. ಮಳೆನೀರು ಇಂಗಿಸುವ, ಬಿಸಿಲಿನಲ್ಲಿ ನೀರು ಕಾಯಿಸುವ, ಜಾಗದಲ್ಲಿ ಮರ ಉಳಿಸಿಕೊಂಡಿರುವ ಮನೆಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಉಂಟು. ಇವೆಲ್ಲ ನಿಜವಾಗಿ ಇವೆಯೇ ಎಂದು ನನ್ನಂಥವನು ಹೋಗಿ ನೋಡಿ ಸಹಿ ಹಾಕಬೇಕು. ಇಲ್ಲದ್ದನ್ನು ಉಂಟು ಎಂದು ಬರೆದು ಸಿಕ್ಕಿಬಿದ್ದರೆ ಲೈಸೆನ್ಸ್ ರದ್ದು. ಲೈಸೆನ್ಸ್ ಹೋದರೆ ನನಗೆ ಬೇರೆ ಕಸುಬು ಗೊತ್ತಿಲ್ಲ, ಅಡುಗೆ ಕೂಡ ಬರುವುದಿಲ್ಲ. ಹಾಗಾಗಿ ಯಾರು ಎಷ್ಟೇ ಕಾಫಿ ಕುಡಿಸಲಿ, ಕಣ್ಣಾರೆ ನೋಡದೆ ಪೆನ್ನು ತೆಗೆಯುವುದಿಲ್ಲ. ನೋಡಿದ ಮೇಲೆ ಆ ಪೆನ್ನು ಎಷ್ಟೋ ಸಲ ಕಿಸೆಯಿಂದ ಹೊರಗೇ ಬರುವುದಿಲ್ಲ.

ಕಾಪುವಿನ ಡ್ರಮ್

ಕಾಪುವಿನ ಹತ್ತಿರ ಒಂದು ಕೊಂಕಣಿ ಕ್ರೈಸ್ತರ ಮನೆ. ಗಂಡ ಮಸ್ಕತ್ತಿನಲ್ಲಿ. ಮನೆ, ತೋಟ, ವ್ಯವಹಾರ ಎಲ್ಲ ಹೆಂಡತಿಯದೇ. ಜೋರು ಮಳೆಗಾಲದಲ್ಲೇ ಹೋದೆ, ಮಳೆನೀರಿನ ವ್ಯವಸ್ಥೆ ಕೆಲಸ ಮಾಡುವುದನ್ನು ಆಗಲೇ ನೋಡಬೇಕಲ್ಲ. ಮನೆಯ ಹೆಂಚಿನ ಮಾಡಿನಿಂದ ಪೈಪು ಇಳಿದಿತ್ತು, ಬಾವಿಯ ಪಕ್ಕ ದೊಡ್ಡ ನೀಲಿ ಡ್ರಮ್ ಇತ್ತು. ಆ ಡ್ರಮ್ಮಿನೊಳಗೆ ಜಲ್ಲಿ, ಇದ್ದಿಲು, ಮರಳು ತುಂಬಿರಬೇಕು. ಮಳೆನೀರು ಅದರಲ್ಲಿ ಸೋಸಿ ಬಾವಿಗೆ ಇಳಿಯಬೇಕು.

ಆದರೆ ಪೈಪಿನ ಬಾಯಿ ಡ್ರಮ್ಮಿನ ಕಡೆಗಿರಲಿಲ್ಲ. ಚರಂಡಿಯ ಕಡೆಗೆ ತಿರುಗಿತ್ತು, ನೀರು ಧೋ ಎಂದು ಗದ್ದೆಗೆ ಹೋಗುತ್ತಿತ್ತು. ಡ್ರಮ್ಮಿನ ಮೇಲೆ ಪ್ಲಾಸ್ಟಿಕ್ ಹೊದೆಸಿ, ಹಗ್ಗ ಬಿಗಿದು, ಅದರ ಮೇಲೊಂದು ಅರೆಯುವ ಕಲ್ಲು ಇಟ್ಟಿದ್ದರು. ನಾನು ಕಲ್ಲು ಇಳಿಸಿ, ಹಗ್ಗ ಬಿಚ್ಚಿ, ಮುಚ್ಚಳ ತೆಗೆದೆ. ಕಂಠದವರೆಗೆ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಮಳೆಗಾಲದ ಪಲ್ಯಕ್ಕೆ.

ಜಲ್ಲಿ ಎಲ್ಲಿ ಎಂದೆ. ಅಂಗಳ ಕೆಸರಾಗಿತ್ತಂತೆ, ಅಲ್ಲಿಗೆ ಹಾಕಿದ್ದಾರಂತೆ. ನೋಡಿದರೆ ನಾನು ಆ ಜಲ್ಲಿಯ ಮೇಲೆಯೇ ನಿಂತಿದ್ದೆ. ಮಳೆನೀರಿಗಾಗಿ ಇಟ್ಟ ಡ್ರಮ್ಮಿಗೆ ಮಳೆನೀರೇ ಬೀಳದ ಹಾಗೆ ಮಾಡಿದ್ದೀರಲ್ಲ ಬಾಯಮ್ಮ ಎಂದು ಸ್ವರ ಏರಿಸಿದೆ. ಅವರಿಗೆ ನನ್ನ ಓದಿನ ಮೇಲೆಯೇ ಸಂಶಯ ಬಂತು.

"ಮಳೆನೀರು ಬಿದ್ದರೆ ಸೊಳೆ ಕೊಳೆಯುತ್ತದೆ ಅಲ್ವಾ ಸರ್? ಇಂಜಿನಿಯರ್ ಆಗಿ ನಿಮಗೆ ಅಷ್ಟು ಗೊತ್ತಿಲ್ವಾ?"

ಈಶಾನ್ಯದ ಗುಂಡಿ

ಮಣಿಪಾಲದಲ್ಲಿ ಒಬ್ಬ ನಿವೃತ್ತ ಪ್ರೊಫೆಸರು. ಓದಿದವರು, ಇಲ್ಲಿ ನನ್ನ ಎದೆ ನಿಲ್ಲುವಂಥದ್ದು ಏನೂ ಇರಲಾರದು ಎಂದುಕೊಂಡೇ ಹೋದೆ. ಇಂಗುಗುಂಡಿ ಚೆನ್ನಾಗಿತ್ತು. ಆದರೆ ಅದು ಮನೆಯ ಈಶಾನ್ಯ ಮೂಲೆಯಲ್ಲಿ, ಎತ್ತರದ ಜಾಗದಲ್ಲಿತ್ತು. ಮಾಡಿನ ನೀರೆಲ್ಲ ಬೀಳುವುದು ನೈಋತ್ಯಕ್ಕೆ. ನೀರು ಈಶಾನ್ಯದಲ್ಲೇ ಇರಬೇಕೆಂದು ವಾಸ್ತುವಿನವರು ಹೇಳಿದ್ದರಂತೆ.

ಹಾಗಾದರೆ ಈ ಗುಂಡಿಗೆ ಒಂದು ಹನಿಯೂ ಬರುವುದಿಲ್ಲವಲ್ಲ ಎಂದೆ. ಬರುತ್ತದೆ ಎಂದು ಅವರು ಸ್ವಿಚ್ ಒತ್ತಿದರು. ಬಾವಿಯ ಪಂಪು ಗುಂಯ್ ಎಂದಿತು, ಗುಂಡಿಗೆ ನೀರು ಬೀಳತೊಡಗಿತು. ಈಶಾನ್ಯದ ಗುಂಡಿ ಒಣಗಬಾರದಂತೆ, ಅದಕ್ಕೆ ದಿನಾ ತುಂಬಿಸುತ್ತಾರಂತೆ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ.

"ಬಾವಿಗೇ ಇಂಗುತ್ತದೆ," ಎಂದರು ಪ್ರೊಫೆಸರು. "ಒಂದು ಹನಿಯೂ ವೇಸ್ಟ್ ಇಲ್ಲ."

ಶೀಟಿನ ಕೆಳಗೆ

ನಮ್ಮ ಕಡೆ ತಾರಸಿ ಮನೆ ಕಟ್ಟಿದ ಯಾರೂ ತಾರಸಿಯನ್ನು ನಂಬುವುದಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟ್ ಹೊದೆಸುತ್ತಾರೆ. ನಿಟ್ಟೆಯ ಹತ್ತಿರ ಮೂರು ಮಾಳಿಗೆ ಕಟ್ಟಿ ಕಾಲೇಜು ಹುಡುಗರಿಗೆ ಬಾಡಿಗೆ ಕೊಟ್ಟಿರುವ ಒಬ್ಬರು ಸೋಲಾರ್ ತೋರಿಸಲು ನನ್ನನ್ನು ಮೇಲೆ ಕರೆದುಕೊಂಡು ಹೋದರು. ಅಲ್ಲೂ ಶೀಟ್ ಇತ್ತು, ತಂಪಾಗಿತ್ತು. ಒಂದು ಬದಿಯಲ್ಲಿ ಹುಡುಗರ ಬಟ್ಟೆ, ಇನ್ನೊಂದು ಬದಿಯಲ್ಲಿ ಕೇರಂ ಬೋರ್ಡು. ನಡುವೆ, ಅದೇ ನೆರಳಿನಲ್ಲಿ, ಮೂರು ಸೋಲಾರ್ ಹೀಟರು ಸಾಲಾಗಿ ನಿಂತಿದ್ದವು. ಅವುಗಳ ಮೇಲೆ ಧೂಳು ಕೂರಬಾರದೆಂದು ಹಳೆಯ ಬೆಡ್‌ಶೀಟು ಬೇರೆ.

ನಾನು ಕೇರಂ ಬೋರ್ಡಿನ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟೆ. ಇವುಗಳಿಗೆ ಬಿಸಿಲು ಬೇಡವೇ ಮಾರಾಯರೇ ಎಂದು ಕೇಳಿದೆ. ಬೇಕು, ಆದರೆ ಮಳೆಯೂ ಬರುತ್ತದಲ್ಲ, ಇಷ್ಟು ಕ್ರಯ ಕೊಟ್ಟು ತಂದ ವಸ್ತುವಿಗೆ ತುಕ್ಕು ಹಿಡಿದರೆ ಎಂತ ಮಾಡುವುದು ಎಂದರು. ನೀರು ಕಾಯುವುದಿಲ್ಲವಲ್ಲ ಎಂದೆ. ಅವರು ನನ್ನ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದು ನಲ್ಲಿ ತಿರುಗಿಸಿದರು. ಕೈ ಸುಟ್ಟಿತು.

ಒಂದು ಕ್ಷಣ ನನ್ನ ಡಿಗ್ರಿಯ ಮೇಲೆ ನನಗೇ ಅನುಮಾನ ಬಂತು. ಮತ್ತೆ ಮೇಲೆ ಹೋಗಿ ನೋಡಿದಾಗ ಗೊತ್ತಾಯಿತು, ಟ್ಯಾಂಕಿನ ಒಳಗಿನ ಕರೆಂಟಿನ ಕಾಯಿಲ್ ಹಗಲಿಡೀ ಉರಿಯುತ್ತಿತ್ತು.

"ಒಳ್ಳೆ ಸೋಲಾರ್ ಸರ್," ಎಂದರು ಅವರು. "ಕರೆಂಟ್ ಹೋದರೆ ಮಾತ್ರ ನೀರು ಬಿಸಿಯಾಗುವುದಿಲ್ಲ."

ಪೆರ್ಡೂರಿನ ಬನ

ಇಷ್ಟೆಲ್ಲ ಜಾಗ್ರತೆ ಮಾಡಿಯೂ ನನ್ನ ಲೈಸೆನ್ಸು ಒಮ್ಮೆ ಹೋಗುವ ಅಂಚಿಗೆ ಬಂದದ್ದು ಒಂದು ನಾಗಬನದಿಂದ.

ಪೆರ್ಡೂರಿನಲ್ಲಿ ಒಂದು ತುಳು ಕುಟುಂಬದ ಮೂಲಮನೆ. ಹಿತ್ತಿಲಲ್ಲೇ ಇಡೀ ಕುಟುಂಬ ನಾಗನನ್ನು ಪೂಜಿಸುವ ಬನ. ಕೊಡಲಿ ತಾಗದ ಮರಗಳು, ಆನೆ ಸೊಂಡಿಲಿನ ಗಾತ್ರದ ಬಳ್ಳಿಗಳು. ಒಳಗೆ ಅರ್ಚಕರನ್ನು ಬಿಟ್ಟು ಯಾರೂ ಕಾಲಿಡುವಂತಿಲ್ಲ. ನಾನು ಹೊರಗಿನಿಂದಲೇ ಸುತ್ತ ಟೇಪು ಹಿಡಿದು ಅಳೆದೆ, ಫೋಟೋ ತೆಗೆದೆ, ಮರಗಳಿರುವ ಜಾಗ ಇಷ್ಟು ಎಂದು ಬರೆದು ಸಂತೋಷದಿಂದ ಸಹಿ ಹಾಕಿದೆ. ಆ ವರ್ಷ ನಾನು ಚಿಂತೆಯಿಲ್ಲದೆ ನಿದ್ದೆ ಮಾಡಿದ್ದು ಆ ಒಂದು ಸಹಿ ಹಾಕಿದ ದಿನ.

ಕೆಲವು ತಿಂಗಳ ನಂತರ ಈ ರಿಯಾಯಿತಿಗಳನ್ನು ಪರಿಶೀಲಿಸುವ ಮೇಡಂ ನನ್ನನ್ನು ಕರೆಸಿದರು. ಮೇಜಿನ ಮೇಲೆ ಅರ್ಜಿಗಳನ್ನು ಹರಡಿದರು. ಮಣಿಪಾಲದ ಫ್ಲ್ಯಾಟು, ಕಾರ್ಕಳದ ಮನೆ, ಕಾಪುವಿನ ಬೇರೊಂದು ಮನೆ, ಎಲ್ಲೂರಿನ ಮನೆ. ಎಲ್ಲದರಲ್ಲೂ ಅದೇ ಬನ, ಅದೇ ಅಳತೆ, ಕೆಳಗೆ ನನ್ನದೇ ಸಹಿಯ ಜೆರಾಕ್ಸು. ಮೂರನೇ ಮಾಳಿಗೆಯ ಫ್ಲ್ಯಾಟಿಗೆ ನಾಗಬನ ಹೇಗೆ ಬಂತು ಎಂದು ಅವರು ಕೇಳಿದರು. ನನಗೂ ಅದೇ ಪ್ರಶ್ನೆ ಇತ್ತು. ಸ್ಥಳಕ್ಕೆ ಬರುತ್ತೇನೆ, ಎಲ್ಲ ಮನೆಯವರನ್ನೂ ಕರೆಸಿ, ನೀವೇ ಇದನ್ನು ಹಂಚಿದ್ದು ಎಂದಾದರೆ ಲೈಸೆನ್ಸು ಅಲ್ಲಿಗೇ ಮುಗಿಯಿತು ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ತನ್ನ ತಮ್ಮನ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯಲು ಜನ ಬೇಕಂತೆ ಎಂದಳು.

ಆ ದಿನ ಬನದ ಎದುರು ದೊಡ್ಡ ಗುಂಪೇ ಸೇರಿತ್ತು. ಈ ಬನ ಯಾರದ್ದು ಎಂದು ಮೇಡಂ ಕೇಳಿದರು. ನಮ್ಮದು ಎಂದು ಎಲ್ಲರೂ ಒಟ್ಟಿಗೆ ಹೇಳಿದರು, ಒಬ್ಬರ ಮುಖದಲ್ಲೂ ಕಳ್ಳತನವಿರಲಿಲ್ಲ. ಮೂಲಮನೆಯವರು ರಿಯಾಯಿತಿ ಸಿಕ್ಕಿದ ಖುಷಿಯಲ್ಲಿ ನನ್ನ ಸರ್ಟಿಫಿಕೇಟನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರಂತೆ. ಬನ ಎಲ್ಲರದ್ದು, ಹಾಗಾದರೆ ಬನದ ಸರ್ಟಿಫಿಕೇಟೂ ಎಲ್ಲರದ್ದು ಎಂದು ಒಬ್ಬೊಬ್ಬರೂ ಅದನ್ನು ಪ್ರಿಂಟ್ ಮಾಡಿ ತಮ್ಮ ಅರ್ಜಿಗೆ ಲಗತ್ತಿಸಿದ್ದರು. ಈ ಇಂಜಿನಿಯರನ್ನು ನಾವು ಇವತ್ತೇ ಮೊದಲು ನೋಡುವುದು ಎಂದು ಕಾರ್ಕಳದವರು ಹೇಳಿದಾಗ ನಾನು ಮೊದಲ ಸಲ ಉಸಿರು ಬಿಟ್ಟೆ.

ಮೇಡಂ ಮಾತ್ರ ಬಿಡಲಿಲ್ಲ. ನಂಬಿಕೆ ಬೇರೆ, ತೆರಿಗೆ ಬೇರೆ, ಮರ ಇರಬೇಕಾದ್ದು ಅವರವರ ಮನೆಯ ಜಾಗದಲ್ಲಿ, ಎಲ್ಲರಿಗೂ ನೋಟಿಸು ಎಂದು ಗುಡುಗಿದರು. ಮೂಲಮನೆಯ ಹಿರಿಯಮ್ಮ ಇಷ್ಟು ಹೊತ್ತು ಮೇಡಂನ ಮುಖವನ್ನೇ ನೋಡುತ್ತಿದ್ದರು. ಈಗ ಹತ್ತಿರ ಬಂದು, ನಿನ್ನ ತಾಯಿಯ ಮನೆ ಎಲ್ಲಿ ಎಂದು ತುಳುವಿನಲ್ಲಿ ಕೇಳಿದರು. ಮೇಡಂ ಊರು ಹೇಳಿದರು, ಮನೆಯ ಹೆಸರು ಹೇಳಿದರು, ತಾಯಿಯ ಹೆಸರೂ ಹೇಳಿದರು.

"ಅವಳು ನನ್ನ ಚಿಕ್ಕಮ್ಮನ ಮಗಳಲ್ವಾ," ಎಂದರು ಹಿರಿಯಮ್ಮ. "ಹಾಗಾದರೆ ನೀನು ಇದೇ ಬನದವಳು ಮಗಾ."

ನಮ್ಮಲ್ಲಿ ಕುಟುಂಬ ಹರಿಯುವುದು ತಾಯಿಯ ಕಡೆಯಿಂದ, ಬನವೂ ಹಾಗೆಯೇ. ಎಲ್ಲರೂ ಮೇಡಂನ ಕಡೆ ತಿರುಗಿದರು. ಮೇಡಂ ತಮ್ಮ ಕಾಲಿನ ಕಡೆ ನೋಡಿಕೊಂಡರು, ಮೆಲ್ಲ ಚಪ್ಪಲಿ ಬಿಟ್ಟರು, ಬನಕ್ಕೆ ಕೈಮುಗಿದರು. ನಾನು ಇದೇ ಸಮಯವೆಂದು, ನನ್ನ ಲೈಸೆನ್ಸಿನ ವಿಷಯ ಎಂದು ರಾಗ ಎಳೆದೆ.

"ನಿಮ್ಮದು ಎಂತ ತಪ್ಪಿಲ್ಲ, ನೀವು ಹೋಗಿ," ಎಂದರು. ಅವರ ಸ್ವರ ಇಳಿದಿತ್ತು. "ನಾನು ಇವರಿಗೆಲ್ಲ ನೋಟಿಸ್ ಕೊಟ್ಟು ನಾಗರಪಂಚಮಿಗೆ ಇಲ್ಲಿಗೆ ಯಾವ ಮುಖ ಹೊತ್ತುಕೊಂಡು ಬರಲಿ?"

ಅದು ಹಿರಿಯಮ್ಮನಿಗೆ ಕೇಳಿಸಿತು. ನೋಟಿಸ್ ಧಾರಾಳ ಕೊಡು, ಅದು ನಿನ್ನ ಕೆಲಸ, ನಮಗೆ ಬೇಜಾರಿಲ್ಲ ಎಂದರು. ಅವರಿಗೆ ನಿಜವಾಗಿ ನೊಂದದ್ದು ಬೇರೆಯೇ ವಿಷಯಕ್ಕೆ. ಮೇಡಂನ ಕೈ ಹಿಡಿದುಕೊಂಡು ಕೇಳಿಯೇಬಿಟ್ಟರು:

"ಕುಟುಂಬದವರೆಲ್ಲ ಈ ಬನದ ಫೋಟೋ ಕೊಟ್ಟಿದ್ದಾರೆ. ನೀನೊಬ್ಬಳು ಯಾಕೆ ಮಗಾ ಕೊಡಲಿಲ್ಲ? ನಾವು ನಿನಗೆ ಬೇಡವಾದೆವಾ?"