ಬಾಗಿಲು ತೆಗೆಯಬೇಡಿ

ಎಂಕೋಸನ ಶನಿವಾರ ಕೆಟ್ಟಿದ್ದು ಎಮಲ್ಷನ್ನಿನಿಂದ, ಅಂದರೆ ಅಚ್ಚು ಹಾಕುವ ಬಲೆಯ ಸ್ಕ್ರೀನಿಗೆ ಬಳಿಯುವ ಲೇಪದಿಂದ. ಬಾಂಡುಂಗಿನ ಆ ಓಣಿಯಲ್ಲಿ ಟೀ ಶರ್ಟುಗಳ ಮೇಲೆ ಅಚ್ಚು ಹಾಕುವವನು ಅವನೊಬ್ಬನೇ. ಹೋದ ಸಲ ಅಗ್ಗದ ಎಮಲ್ಷನ್ ತಂದಿದ್ದ. ಅದು ಎಣ್ಣೆ ಬಣ್ಣಕ್ಕೆ ಮಾಡಿದ್ದು. ಇವನ ನೀರು ಬಣ್ಣ ತಗುಲಿದ್ದೇ ಸ್ಕ್ರೀನಿನಿಂದ ಕರಗಿಹೋಗಿ, ಮದುವೆ ಶರ್ಟುಗಳ ಮೇಲೆ ವರನಿಗೆ ಮೂಗೇ ಇರಲಿಲ್ಲ. ಈ ಸಲ ಅಂಗಡಿಯವನ ತಲೆ ತಿಂದು, ನೀರಿಗೆ ಜಗ್ಗದ್ದನ್ನು ತಂದಿದ್ದ. ಒಮ್ಮೆ ಕೂತರೆ ಜನ್ಮಕ್ಕೂ ಬಿಡುವುದಿಲ್ಲ ಎಂದು ಅಂಗಡಿಯವನು ಆಣೆ ಮಾಡಿದ್ದ.

ಕೆಲಸ ಓಣಿಯದೇ. ಭಾನುವಾರದ ಶ್ರಮದಾನಕ್ಕೆ ಎಲ್ಲರಿಗೂ ಶರ್ಟು; ಎದೆಯ ಮೇಲೆ ಓಣಿಯ ಹೆಸರು, ಬೆನ್ನ ಮೇಲೆ ಹೊಸ ಯಜಮಾನನ ಹೆಸರು. ಯಜಮಾನನ ಆಯ್ಕೆ ಈ ಶನಿವಾರವೇ, ಮಧ್ಯಾಹ್ನದ ನಮಾಜಾದ ಮೇಲೆ. ಓಣಿಯ ಯಜಮಾನಿಕೆ ಯಾರಿಗೂ ಬೇಡದ ಪೀಡೆ. ಮೋರಿ ಕಟ್ಟಲಿ, ಕೋಳಿ ಕಳೆಯಲಿ, ಗಂಡ ಹೆಂಡತಿ ಪಾತ್ರೆ ಎಸೆದಾಡಲಿ, ಜನ ಬಂದು ನಿಲ್ಲುವುದು ಅವನ ಬಾಗಿಲಿಗೇ. ಅದಕ್ಕೇ ಸಭೆಗೆ ಬಾರದವನ ಕೊರಳಿಗೆ ಅದನ್ನು ಕಟ್ಟುವುದು ವಾಡಿಕೆ. ಈಗಿನ ಯಜಮಾನ ಹಾಜಿ ಜುಹಾನಾ ಸಿಕ್ಕಿಬಿದ್ದದ್ದು ಹಲ್ಲು ಕೀಳಿಸಲು ಹೋಗಿದ್ದಾಗ. ಏನಾದರಾಗಲಿ, ಮೊದಲ ಸಾಲಿನಲ್ಲೇ ಕೂರಬೇಕೆಂದು ಎಂಕೋಸ್ ನಿರ್ಧರಿಸಿದ್ದ.

ಬಾಗಿಲಿಗೆ 'ತೆಗೆಯಬೇಡಿ' ಎಂದು ಬರೆದು, ಕತ್ತಲೆ ಕೋಣೆಯಲ್ಲಿ ಎಮಲ್ಷನ್ ಬಳಿದು ಒಣಗಲಿಟ್ಟ. ಒಣಗಿದ ಮೇಲೆ ಅಕ್ಷರದ ಫಿಲ್ಮ್ ಅಂಟಿಸಿ ಬಿಸಿಲಿಗೆ ಹಿಡಿದರೆ ಕಪ್ಪು ಅಕ್ಷರದ ಅಡಿಯದ್ದು ಮಾತ್ರ ತೊಳೆದುಹೋಗಿ ಉಳಿದದ್ದು ಗಟ್ಟಿಯಾಗುತ್ತದೆ; ಅದಕ್ಕೆ ಮೊದಲೇ ಬೆಳಕು ಬಿದ್ದರೆ ಕೆಟ್ಟಿತು. ಧಡಾರನೆ ಬಾಗಿಲು ತೆರೆಯಿತು. ಪಕ್ಕದ ಮನೆಯ ಓಮಾನ್, ನಿಮ್ಮಲ್ಲಿ ಕರೆಂಟ್ ಇದೆಯಾ ಎಂದು ಕೇಳಲು ಬಂದಿದ್ದ. ಅವನ ಹಿಂದೆಯೇ ಬಿಸಿಲೂ ಒಳಗೆ ಬಂತು. ಆಮೇಲೆ ಎಷ್ಟು ತೊಳೆದರೂ ಸ್ಕ್ರೀನಿನಲ್ಲಿ ಒಂದಕ್ಷರ ತೆರೆದುಕೊಳ್ಳಲಿಲ್ಲ. ಬೆಳಕು ಬಿದ್ದು ಎಮಲ್ಷನ್ ಇಡಿಯಾಗಿ ಗಟ್ಟಿಯಾಗಿತ್ತು. ಸರಕು ಹಳೆಯದಿರಬೇಕು ಎಂದು ಓಮಾನನೇ ತೀರ್ಪು ಕೊಟ್ಟ.

ಕಳಚುವ ಔಷಧಿ ಸುರಿದು, ಉಜ್ಜಿ, ಮತ್ತೆ ಬಳಿದು, ಕೂದಲು ಒಣಗಿಸುವ ಯಂತ್ರ ಹಿಡಿದು ಒಣಗಿಸುತ್ತಿದ್ದರೆ ಎದುರು ಮನೆಯ ಕೊಕೊಮಕ್ಕ ಬಾಳೆಹಣ್ಣಿನ ಬಜ್ಜಿ ಹಿಡಿದು ಒಳಗೆ ಬಂದಳು. ಯಂತ್ರವನ್ನು ಇನ್ನಷ್ಟು ಹೊತ್ತು ಹಿಡಿಯಬೇಕಿತ್ತು ಎಂದು ಉಪದೇಶವನ್ನೂ ಕೊಟ್ಟಳು. ಮೂರನೆಯ ಸಲ ಖುದ್ದು ಹಾಜಿ ಜುಹಾನಾ.

"ಸಭೆಗೆ ಅವಸರ ಬೇಡ ಕಣಯ್ಯಾ. ನೀನಿಲ್ದೆ ಶುರು ಮಾಡ್ತೀವಾ?"

"ಹಾಜಿಯವರೇ, ಬಾಗಿಲ ಮೇಲೆ ಬರ್ದಿದ್ದು ಕಾಣಲ್ವಾ?"

"ಕಾಣ್ತು. ಏನನ್ನ ತೆಗೀಬಾರ್ದು ಅಂತ ನೋಡೋಕೇ ತೆಗ್ದೆ."

ಎಂಕೋಸನಿಗೆ ಅಳುವುದೋ ಒದೆಯುವುದೋ ತಿಳಿಯಲಿಲ್ಲ. ಔಷಧಿಯ ಕೊನೆಯ ಹನಿಯೂ ಖಾಲಿಯಾಯಿತು. ಚಿಲಕ ಹಾಕಿ, ಸಂದಿಗಳಿಗೆ ಚಿಂದಿ ತುರುಕಿ, ಶರ್ಟಿನ ಎದೆಗೊಂದು ಬೆನ್ನಿಗೊಂದು ಎಂದು ಎರಡು ಸ್ಕ್ರೀನಿಗೆ ಎಮಲ್ಷನ್ ಬಳಿದ. ಒಣಗುವ ಹೊತ್ತಿಗೆ ಸಭೆಯ ಮರದ ಗಂಟೆ ಕೇಳಿಸಿತು. ಈಗ ಬಿಟ್ಟು ಹೋದರೆ ಬಿಸಿಲು ಇಳಿದು ಕೆಲಸ ಕೆಡುತ್ತದೆ. ಅಷ್ಟರಲ್ಲಿ ಹಿಂದಿನ ಮನೆಯ ಯಾಯತ್ ಬೆಳಗ್ಗೆಯೇ ಗಾರುತ್ ಊರಿನ ಮಾವನ ಮನೆಗೆ ಹೋದದ್ದು ನೆನಪಾಯಿತು. ಸರಿ, ಕಟ್ಟುವುದಿದ್ದರೆ ಅವನ ಕೊರಳಿಗೆ ಕಟ್ಟುತ್ತಾರೆ. ಪಾಪ ಎನ್ನಿಸಿತಾದರೂ ಎಂಕೋಸನಿಗೆ ಒಳಗೊಳಗೇ ಖುಷಿಯಾಯಿತು.

ಎದೆಯ ಸ್ಕ್ರೀನ್ ಮುತ್ತಿನಂತೆ ಬಂತು. ಅಂಗಳಕ್ಕೆ ಬಂದರೆ ಕೊಕೊಮಕ್ಕ ಬೆನ್ನಿನ ಫಿಲ್ಮ್ ಸುರುಳಿ ಹಿಡಿದು ನಿಂತಿದ್ದಳು. ಸಭೆ ಮುಗಿದಿತ್ತಂತೆ.

"ಯಾರು ಯಜಮಾನ ಆದ್ರು ಅಕ್ಕಾ?"

"ತಾಳ್ಮೆಯ ಮನುಷ್ಯನೇ ಸಿಕ್ಕಿದ್ದಾನೆ. ಬೇಗ ಬಿಸಿಲಿಗಿಡು, ಮೋಡ ಬರ್ತಿದೆ."

ಎಂಕೋಸ್ ಫಿಲ್ಮನ್ನು ಎಂದೂ ಓದಿದವನಲ್ಲ. ಎಲ್ಲಿ ಕಪ್ಪು, ಎಲ್ಲಿ ಬಿಳಿ, ಅಷ್ಟೇ ಅವನಿಗೆ ಬೇಕು. ಮಬ್ಬು ಬೆಳಕಿನಲ್ಲಿ ಅದನ್ನು ತಿರುವುಮುರುವಾಗಿ ಅಂಟಿಸಿ, ಗಾಜು ಒತ್ತಿ, ಬಿಸಿಲಿಗೆ ಹಿಡಿದು, ನಲ್ಲಿಯ ಕೆಳಗೆ ತೊಳೆದ. ಅಕ್ಷರಗಳು ಕಡೆದಿಟ್ಟಂತೆ ಒಂದೊಂದಾಗಿ ತೆರೆದುಕೊಂಡವು. ಆಹಾ ಎಂದುಕೊಂಡು ಸ್ಕ್ರೀನ್ ತಿರುಗಿಸಿ ಹಿಡಿದ.

'ಓಣಿಯ ಯಜಮಾನ: ಎಂಕೋಸ್.'

ಬ್ರಶ್ ಹಿಡಿದು ಉಜ್ಜಿದ. ಸೋಪು ಹಾಕಿ ಉಜ್ಜಿದ. ಸೀಮೆಎಣ್ಣೆ ಹಾಕಿ ಉಜ್ಜಿದ. ಬೆಳಗಿನಿಂದ ಮೂರು ಸಲ ಕೈಕೊಟ್ಟಿದ್ದ ಎಮಲ್ಷನ್ ಈಗ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಅಂಗಳಕ್ಕೆ ಓಮಾನ್ ಬಂದ. ಅವನ ಹಿಂದೆ ಯಾಯತ್, ಗಾರುತಿನ ಸಿಹಿಯ ಪೊಟ್ಟಣ ಹಿಡಿದು ಹಲ್ಲು ಕಿರಿಯುತ್ತಿದ್ದ. ಸಭೆಯ ಹೊತ್ತಿಗೆ ಸರಿಯಾಗಿ ಬಂದಿಳಿದಿದ್ದನಂತೆ.

"ಅಕ್ಷರ ಚೆನ್ನಾಗಿ ಬಂದಿವೆ," ಎಂದ ಓಮಾನ್, ಸ್ಕ್ರೀನನ್ನು ಮೆಚ್ಚುತ್ತ. "ಫಿಲ್ಮ್ ಮೊನ್ನೆನೇ ಮಾಡಿಸಿಟ್ಟಿದ್ವಿ. ಅಂದಹಾಗೆ, ನಮ್ಮನೆ ಮೋರಿ ಕಟ್ಟಿದೆ. ಮತ್ತೆ, ಇನ್ಮೇಲೆ ಆ ಬಾಗ್ಲಿಗೆ ಚಿಲಕ ಹಾಕ್ಬೇಡಿ ಯಜಮಾನ್ರೇ. ಜನ ಬರ್ತಾ ಇರ್ತಾರೆ."